ಬೀಗರಿಗೊಂದು ನಕ್ಷೆ

೫ ಜನವರಿ ೧೯೯೬, ಶುಕ್ರವಾರ

ಭಿಲಾಯಿಯಿಂದ ಶಿವಶಂಕರನ ಪತ್ರ ಬಂದಿದೆ. ಅವನೂ ನಾನೂ ಮೈಸೂರಿನಲ್ಲಿ ಒಟ್ಟಿಗೆ ಇಂಜಿನಿಯರಿಂಗ್ ಓದಿದವರು. ನಾನು ನೀರಾವರಿ ಇಲಾಖೆ ಸೇರಿ ಈ ಕೆ.ಆರ್.ಎಸ್. ಕಟ್ಟೆಯ ಬುಡದಲ್ಲೇ ಉಳಿದೆ. ಅವನು ಉಕ್ಕಿನ ಕಾರ್ಖಾನೆ ಸೇರಿ ಅಲ್ಲಿಯವನೇ ಆಗಿಹೋದ. ಬರುವ ತಿಂಗಳ ಎಂಟನೆಯ ತಾರೀಖು ಅವನ ಮಗ ಮೋಹನ್ ಕುಮಾರನಿಗೆ ನನ್ನ ಮಗಳು ಹೇಮಶ್ರೀಯನ್ನು ಧಾರೆ ಎರೆದು ಕೊಡುವುದೆಂದು ನಿಶ್ಚಯವಾಗಿದೆ. ಮದುವೆ ಶ್ರೀರಂಗಪಟ್ಟಣದ ಛತ್ರದಲ್ಲಿ. ಅವನ ಕಡೆಯಿಂದ ಒಂದು ಬಸ್ಸು ತುಂಬುವಷ್ಟು ಜನ ನಾಲ್ಕು ದಿನ ಮೊದಲೇ ಬರುವರಂತೆ. ಹೆಚ್ಚಿನವರು ಅವನ ನೆರೆಹೊರೆಯವರು, ಕಾರ್ಖಾನೆಯವರು. ಬಂಗಾಳಿಗಳು, ಮರಾಠಿಗರು, ಬಿಹಾರದವರು. "ಇವರು ಯಾರೂ ನಮ್ಮ ಸೀಮೆಯನ್ನು ಕಂಡವರಲ್ಲ. ಎಲ್ಲಿ ಏನು ನೋಡಬೇಕು, ಎಲ್ಲಿ ಏನು ತಿನ್ನಬೇಕು ಎಂದು ಒಂದು ಹಾಳೆಯಲ್ಲಿ ಬರೆದಿಡು. ಕರಾರುವಾಕ್ಕಾಗಿ ಬರೆಯುವುದರಲ್ಲಿ ನಿನ್ನನ್ನು ಮೀರಿಸಿದವರಿಲ್ಲ," ಎಂದಿದ್ದಾನೆ.

ಒಪ್ಪಿಕೊಂಡಿದ್ದೇನೆ. ಟ್ರೇಸಿಂಗ್ ಹಾಳೆಯ ಮೇಲೆ ನಕ್ಷೆ ಬರೆದು ಮೈಸೂರಿನಲ್ಲಿ ಪ್ರತಿ ತೆಗೆಸಬಹುದು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ: ಈ ಮೂರು ತಾಲ್ಲೂಕು ಸಾಕು. ಖುದ್ದಾಗಿ ಪರಿಶೀಲಿಸದ ಯಾವ ಸ್ಥಳವನ್ನೂ, ಯಾವ ತಿನಿಸನ್ನೂ ಶಿಫಾರಸು ಮಾಡತಕ್ಕದ್ದಲ್ಲ.

ಇದೇ ಟಪಾಲಿನಲ್ಲಿ, ನಾಗಮಂಗಲದ ಆಚೆಯ ಹಳ್ಳಿಗೆ ನಾನು ಕಳುಹಿಸಿದ್ದ ರಿಜಿಸ್ಟರ್ಡ್ ಲಕೋಟೆ ಹಿಂದಿರುಗಿದೆ. ತೆಗೆದುಕೊಳ್ಳಲು ನಿರಾಕರಿಸಿದರೆಂದು ಅಂಚೆಯವರ ಷರಾ. ಒಳಗಿದ್ದದ್ದು ಲಗ್ನಪತ್ರಿಕೆ. ವಿಳಾಸದಾರ ಚಿಕ್ಕಸ್ವಾಮಿ, ಹೇಮಶ್ರೀಯ ತಾಯಿಯ ತಮ್ಮ. ಆ ತಾಯಿ ತೀರಿಕೊಂಡು ಮೂರು ವರ್ಷವಾಯಿತು. ಮದುವೆಯಲ್ಲಿ ಹೆಣ್ಣಿನ ಕೈಹಿಡಿದು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ಆ ಮಾವನೇ ಪತ್ರಿಕೆಯನ್ನು ಮುಟ್ಟಲಿಲ್ಲ.

ನನ್ನ ಕಡೆಯಿಂದ ಲೋಪವಾಗಿಲ್ಲ. ಬಾಗಿಲಿಗೆ ಹೋಗಿ ಕುಂಕುಮವಿಟ್ಟು ಕರೆಯುವುದು ದಂಪತಿಗಳ ಕೆಲಸ. ಒಂಟಿ ಗಂಡಸು ಕುಂಕುಮದ ಬಟ್ಟಲು ಹಿಡಿದು ನಿಲ್ಲುವುದು ಸರಿಯಲ್ಲವೆಂದು ಅಂಚೆಗೆ ಹಾಕಿದೆ; ದಾರಿಯಲ್ಲಿ ಕಳೆದುಹೋಗದಿರಲೆಂದು ರಿಜಿಸ್ಟರ್ ಮಾಡಿದೆ. ನಿರಾಕರಿಸಿದ್ದು ಅವನ ಇಷ್ಟ. ಈ ವಿಷಯ ಇಲ್ಲಿಗೆ ಮುಗಿಯಿತು.

೭ ಜನವರಿ, ಭಾನುವಾರ

ಶ್ರೀರಂಗಪಟ್ಟಣದ ಪರಿಶೀಲನೆ ಮುಗಿಯಿತು. ಸಂಜೆ ಹೇಮಶ್ರೀ ಕರಡನ್ನು ಓದಿದಳು. ಅವಳು ಮೈಸೂರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ, ಹಾಸ್ಟೆಲಿನಲ್ಲಿದ್ದು ವಾರದ ಕೊನೆಗೆ ಮನೆಗೆ ಬರುತ್ತಾಳೆ. ಬೀಗರ ಕಡೆಯವರಿಗಾಗಿ ಇದನ್ನು ಇಂಗ್ಲಿಷಿಗೆ ತಿರುಗಿಸುವುದು ಅವಳ ಹೊಣೆ. ಕರಡಿನ ಒಂದು ಭಾಗ ಹೀಗಿತ್ತು:

"ರಂಗನತಿಟ್ಟು: ದೋಣಿಯಲ್ಲಿ ಕುಳಿತವರು ಕೈಯನ್ನು ನೀರಿಗೆ ಇಳಿಬಿಡತಕ್ಕದ್ದಲ್ಲ. ಬಂಡೆಯ ಮೇಲೆ ಬಿಸಿಲು ಕಾಯಿಸುತ್ತಿರುವ ಮೊಸಳೆಯನ್ನು ಬಂಡೆಯ ಭಾಗವೆಂದು ಭಾವಿಸತಕ್ಕದ್ದಲ್ಲ. ದರಿಯಾ ದೌಲತ್: ಗೋಡೆಯ ಚಿತ್ರಗಳನ್ನು ಮುಟ್ಟತಕ್ಕದ್ದಲ್ಲ. ಸಂಗಮ: ಆಳವನ್ನು ತಿಳಿಯದೆ ಇಳಿಯತಕ್ಕದ್ದಲ್ಲ."

"ಅಪ್ಪಾಜಿ, ಇದು ಮದುವೆಗೆ ಬರೋರಿಗಾ, ಟೆಂಡರ್ ಹಾಕೋರಿಗಾ?" ಎಂದಳು. "ಬರೀ ತಕ್ಕದ್ದಲ್ಲ, ತಕ್ಕದ್ದಲ್ಲ. ಮಾಡಬಹುದಾದ್ದು ಒಂದೂ ಇಲ್ವಲ್ಲ!"

ಮತ್ತೇನು ಬರೆಯಬೇಕೆಂದು ಕೇಳಿದೆ.

"ನಿಮಗೇನು ಇಷ್ಟವಾಯ್ತೋ ಅದನ್ನ ಬರೀರಿ."

ಇಷ್ಟ ಎನ್ನುವುದು ಅಳತೆಗೆ ಸಿಗುವ ಗುಣವಲ್ಲ. ಆದರೂ ಇಲ್ಲಿ ದಾಖಲಿಸುತ್ತೇನೆ: ಗಂಜಾಮಿನಲ್ಲಿ, ನಿಮಿಷಾಂಬ ದೇವಸ್ಥಾನದ ಬಳಿ, ಸೌತೆಕಾಯಿಯನ್ನು ಸೀಳಿ ಉಪ್ಪು ಖಾರ ಸವರಿ ಕೊಡುವ ಹೆಂಗಸೊಬ್ಬಳಿದ್ದಾಳೆ. ಪರೀಕ್ಷೆಗಾಗಿ ಒಂದನ್ನು ತಿಂದೆ. ಒಂದೇ ಮಾದರಿಯಿಂದ ತೀರ್ಮಾನಕ್ಕೆ ಬರುವುದು ತರವಲ್ಲವಾದ್ದರಿಂದ ಇನ್ನೊಂದನ್ನು ತಿಂದೆ. ಇಲ್ಲಿನ ಕ್ಯಾಂಟೀನಿನ ಅನ್ನ ಮೊಸರಿನ ಹೊರತು ಬೇರೇನನ್ನೂ ನಾಲಿಗೆಗೆ ತಾಗಿಸದೆ ಬಹಳ ಕಾಲವಾಗಿತ್ತು.

ಹಿಂದಿರುಗಿದ ಲಕೋಟೆ ಮೇಜಿನ ಮೇಲಿತ್ತು. ಅವಳು ಅದನ್ನು ನೋಡಿದಳು. ಚಿಕ್ಕಸ್ವಾಮಿ ಬಾರದಿದ್ದರೆ ಅವಳ ತಾಯಿಯ ದಾಯಾದಿ ತಮ್ಮ ಕರಿಯಪ್ಪ ಆ ಶಾಸ್ತ್ರಕ್ಕೆ ನಿಲ್ಲಬಹುದೆಂದು ಹೇಳಿದೆ.

"ಕರಿಯಪ್ಪ ಮಾವ ಒಳ್ಳೇವ್ರೇ. ಆದ್ರೆ ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಊರೆಲ್ಲ ತಿರುಗಿಸಿದ್ದು ಅವರಲ್ಲ. ಚಿಕ್ಕಸ್ವಾಮಿ ಮಾವ ಬರದಿದ್ರೆ ನಾನೊಬ್ಬಳೇ ನಡ್ಕೊಂಡು ಬರ್ತೀನಿ. ಯಾರೂ ಕೈಹಿಡಿಯೋದು ಬೇಡ."

ತಟ್ಟೆ ತೊಳೆಯುತ್ತ ಹೇಳಿದಳು. ಇತ್ತ ತಿರುಗಲಿಲ್ಲ.

೧೫ ಜನವರಿ, ಸೋಮವಾರ. ಸಂಕ್ರಾಂತಿ

ಅರಕೆರೆಗೆ, ಅಕ್ಕ ಮೂಗಮ್ಮನ ಮನೆಗೆ ಹೋಗಿದ್ದೆ. ಹಿತಕಿದ ಅವರೆಬೇಳೆ ಸಾರು, ಮುದ್ದೆ. ಮುದ್ದೆ ತಿನ್ನುವ ಕ್ರಮವನ್ನು ಹೊರಗಿನವರಿಗೆ ವಿವರಿಸುವುದು ಹೇಗೆಂದು ಕೇಳಿದ್ದಕ್ಕೆ, "ಅಸಿವಾದ್ರೆ ಅದೇ ತಿಳಿತದೆ," ಎಂದರು. ಬರೆದುಕೊಂಡಿದ್ದೇನೆ: ತುಂಡನ್ನು ಮುರಿದು, ಉಂಡೆ ಮಾಡಿ, ಸಾರಿನಲ್ಲಿ ಅದ್ದಿ, ಹಲ್ಲಿಗೆ ತಾಗಿಸದೆ ನುಂಗುವುದು.

ಊಟದ ನಡುವೆ ಅವರೇ ಮಾತು ತೆಗೆದರು.

"ಏನ್ಲಾ ತಮ್ಮಯ್ಯ, ಚಿಕ್ಕಸ್ವಾಮಿಗೆ ರಿಜಿಸ್ಟ್ರಿ ಮಾಡಿದ್ಯಂತೆ?"

"ಮಾಡಿದೆ. ಅವನು ತಗೊಳ್ಲಿಲ್ಲ."

"ಯಾವನ್ಲಾ ತಗಂಡಾನು? ನಮ್ ಹಳ್ಳಿಗುಳ್ಗೆ ರಿಜಿಸ್ಟ್ರಿ ಬರದು ಎರಡೇ ಕಡೆಯಿಂದ. ಒಂದು ಬ್ಯಾಂಕು, ಇನ್ನೊಂದು ಕೋರ್ಟು. ಪೋಸ್ಟಿನವ್ನು ಸೈಕಲ್ ನಿಲ್ಸಿ ಸೈನ್ ಮಾಡಿ ಅಂದ್ರೆ ಸಾಕು, ಗಂಡಸ್ರೆಲ್ಲ ಇತ್ತಲ ಬಾಗ್ಲಲ್ಲಿ ಓಡೋಯ್ತಾರೆ."

"ಲಕೋಟೆ ಮೇಲೆ ನನ್ನ ಹೆಸರಿತ್ತಲ್ಲ."

"ಅದೇ ಕಣ್ಲಾ ಕೆಟ್ಟಿದ್ದು! ಹೆಣ್ಮಕ್ಳಿಗೂ ಪಾಲು ಅಂತ ಕಾಯ್ದೆ ಆಗದೆ ಅಂತಾರಲ್ಲ, ಅವತ್ತಿಂದ ಎಲ್ರಿಗೂ ಅದೇ ದಿಗ್ಲು. ಮಗಳ ಮದ್ವೆ ಬಂತು, ಬಾವ ನಮ್ಮಕ್ಕನ ಪಾಲು ಕೇಳಿ ನೋಟೀಸ್ ಕಳ್ಸವ್ರೆ ಅಂತ ಅವ್ನು ನಾಗಮಂಗಲದ ಸಂತೇಲೆಲ್ಲ ಏಳ್ಕಂಡು ತಿರುಗ್ತಾವ್ನಂತೆ. ಮೂರು ವರ್ಷದಿಂದ ನಮ್ಮ ಒಸ್ಲು ತುಳೀದೋರು ಈಗ ಕಾಗ್ದ ಕಳ್ಸವ್ರೆ ಅಂತ."

ನನಗೆ ಆಶ್ಚರ್ಯವಾಯಿತು. ಅವನ ಜಮೀನಿನ ಅಳತೆಯನ್ನೂ ನಾನು ಎಂದೂ ಕೇಳಿದವನಲ್ಲ. ತೆರೆದು ನೋಡಿದ್ದರೆ ತಿಳಿಯುತ್ತಿತ್ತು, ಇದು ಅವನ ತಪ್ಪು ಗ್ರಹಿಕೆ ಎಂದೆ. ಅಕ್ಕನೇ ಯಾರ ಮೂಲಕವಾದರೂ ಹೇಳಿಕಳುಹಿಸಬಹುದಲ್ಲ ಎಂದೆ.

"ನಾನ್ ಏಳುದ್ರೆ ಏನ್ ಬಂತು? ಕರೀಬೇಕಾದೋನು ನೀನು. ನಿನ್ ಬಾಯೇನು ಕಟ್ಟೆ ಗೇಟೇನ್ಲಾ, ಮೇಲಿಂದ ಆರ್ಡರ್ ಬಂದ್ರೇನೇ ತೆಗಿಯಾಕೆ?"

ಬೀದಿಯಲ್ಲಿ ದನಗಳಿಗೆ ಕಿಚ್ಚು ಹಾಯಿಸುವ ಗದ್ದಲ ಎದ್ದದ್ದರಿಂದ ಮಾತು ಅಲ್ಲಿಗೆ ನಿಂತಿತು.

೨೧ ಜನವರಿ, ಭಾನುವಾರ

ಪಾಂಡವಪುರದ ಕಡೆ. ಹೇಮಶ್ರೀ ಸ್ಕೂಟರಿನ ಹಿಂದೆ ಕುಳಿತು ಬಂದಳು. ಅವಳಿಗೆ ಮದುವೆಯ ಕೆಲಸಗಳಿದ್ದವು, ಆದರೂ ಬಂದಳು.

ದಾರಿಯ ಆಲೆಮನೆಯೊಂದರಲ್ಲಿ ಕೊಪ್ಪರಿಗೆಯಿಂದ ಆಗಷ್ಟೇ ಇಳಿಸಿದ ಬೆಲ್ಲವನ್ನು ಕಬ್ಬಿನ ತುಂಡಿನ ತುದಿಗೆ ಸುತ್ತಿ ಕೊಟ್ಟರು. ಊದಿ ಊದಿ ತಿನ್ನಬೇಕು. ಅವಸರಪಟ್ಟರೆ ಅಂಗುಳು ಸುಡುತ್ತದೆ, ಸುಟ್ಟಿತು. ಹೇಮಶ್ರೀಯ ತಾಯಿ ಈ ರಸ್ತೆಯಲ್ಲಿ ಆಲೆಮನೆಯ ವಾಸನೆ ಬಂದರೆ ಗಾಡಿ ನಿಲ್ಲಿಸದೆ ಮುಂದೆ ಹೋಗಲು ಬಿಡುತ್ತಿರಲಿಲ್ಲ. ನಾನು ಗಡಿಯಾರ ನೋಡುತ್ತ ರಸ್ತೆಯಲ್ಲೇ ನಿಂತಿರುತ್ತಿದ್ದೆ. ಒಳಗೆ ಹೋದದ್ದು ಇದೇ ಮೊದಲು.

ತೊಣ್ಣೂರು ಕೆರೆಯ ನೀರು ತಿಳಿಯಾಗಿದೆ. ಬೀಗರಿಗೆ ಬೆಳಗಿನ ಹೊತ್ತು ಒಳ್ಳೆಯದು; ಗಾಳಿ ಏಳುವ ಮೊದಲು ಬೆಟ್ಟದ ನೆರಳು ಅಲುಗದೆ ನಿಂತಿರುತ್ತದೆ. ಇಲ್ಲಿ ಯಾವ "ತಕ್ಕದ್ದಲ್ಲ"ವನ್ನೂ ಬರೆದಿಲ್ಲ.

ಮೇಲುಕೋಟೆಯಲ್ಲಿ ಕಲ್ಯಾಣಿಯ ಮೆಟ್ಟಿಲ ಮೇಲೆ ಕುಳಿತು ಪುಳಿಯೋಗರೆ ತಿಂದೆವು. ಬಿಸಿಯಾಗಿರುವುದಕ್ಕಿಂತ ಆರಿದ ಮೇಲೆ ರುಚಿ ಹೆಚ್ಚು. ಬೀಗರಿಗೆ ಇದನ್ನು ತಿಳಿಸಬೇಕು, ಇಲ್ಲದಿದ್ದರೆ ಬಿಸಿ ಮಾಡಿಕೊಡಿ ಎಂದಾರು. ಹೇಮಶ್ರೀ ನಕ್ಷೆಯ ಕರಡನ್ನು ಮೊಣಕಾಲ ಮೇಲೆ ಹರಡಿಕೊಂಡಳು. ಅವಳ ಬೆರಳು ಶ್ರೀರಂಗಪಟ್ಟಣದಿಂದ ಹೊರಟು ಪಾಂಡವಪುರ, ಮೇಲುಕೋಟೆ, ಕೃಷ್ಣರಾಜಪೇಟೆಗಳನ್ನು ದಾಟಿ ಹಾಳೆಯ ಅಂಚಿನಲ್ಲಿ ನಿಂತಿತು.

"ಇಲ್ಲಿಂದಾಚೆ ಊರೇ ಇಲ್ವಾ ಅಪ್ಪಾಜಿ?"

"ಹಾಳೆ ಸಾಲಲಿಲ್ಲ."

"ದೊಡ್ಡ ಹಾಳೆ ಸಿಗಲ್ವಾ ನಿಮ್ಮ ಇಲಾಖೇಲಿ?"

ಅವಳು ನಕ್ಕಳು, ನಾನೂ ನಕ್ಕೆ. ನಂತರ ಇಬ್ಬರೂ ಸ್ವಲ್ಪ ಹೊತ್ತು ಮೀನುಗಳನ್ನು ನೋಡುತ್ತಿದ್ದೆವು. ಹೊರಡುವಾಗ ಅವಳು, "ಅಮ್ಮ ಇದ್ದಿದ್ರೆ ನಾಗಮಂಗಲಕ್ಕೇ ಮೊದಲು ಹೋಗಿರೋಳು," ಎಂದಳು. ನಾನು ಸ್ಕೂಟರಿನ ಪೆಟ್ರೋಲು ನೋಡಿದೆ.

೨೪ ಜನವರಿ, ಬುಧವಾರ

ನಾಲೆಯ ತೂಬೊಂದರಲ್ಲಿ ಸೋರಿಕೆ. ದಿನವಿಡೀ ಅಲ್ಲೇ. ಕ್ಯಾಂಟೀನಿನ ಅನ್ನ ಸಪ್ಪೆ ಎನಿಸಿತು. ಉಪ್ಪಿನಕಾಯಿ ಕೇಳಿ ಹಾಕಿಸಿಕೊಂಡೆ.

೨೬ ಜನವರಿ, ಶುಕ್ರವಾರ

ರಜೆ. ಧ್ವಜಾರೋಹಣ ಮುಗಿಸಿ ಕೃಷ್ಣರಾಜಪೇಟೆಗೆ. ಹೊಸಹೊಳಲಿನ ದೇವಾಲಯದ ಹೊರಗೋಡೆಯನ್ನು ಎಡದಿಂದ ಬಲಕ್ಕೆ ನೋಡುತ್ತ ಹೋದೆ. ಕಲ್ಲಿನ ಸಾಲುಗಳಲ್ಲಿ ಆನೆ, ಕುದುರೆ, ಬಳ್ಳಿ, ಕಥೆ. ಆಮೇಲೆ ಪ್ರದಕ್ಷಿಣೆಯ ಕ್ರಮದಲ್ಲಿ ನೋಡಬೇಕಿತ್ತೆಂದು ತಿಳಿದು, ಮತ್ತೆ ಮೊದಲ ಮೂಲೆಗೆ ಬಂದು ಇನ್ನೊಮ್ಮೆ ನೋಡಿದೆ. ಬೀಗರಿಗೆ ಈ ಸೂಚನೆ ಅವಶ್ಯ. ಪೇಟೆಯ ಮೆಸ್ಸೊಂದರಲ್ಲಿ ಬಸ್ಸಾರು, ಮುದ್ದೆ. ಬಡಿಸುವ ಹೆಂಗಸು, "ಯಾಕ್ ಸ್ವಾಮಿ, ಪುಸ್ತಕಕ್ಕೆ ಬರ್ಕತಾ ಇದ್ದೀರಿ? ಸರ್ಕಾರದ ಕಡೇವ್ರಾ? ಪಲ್ಯ ಇನ್ನೊಂದ್ ವಸಿ ಆಕ್ತೀನಿ ಬುಡಿ," ಎಂದರು. ಸರ್ಕಾರದವನು ಹೌದು, ಆದರೆ ಇದು ಮಗಳ ಮದುವೆಗೆ ಎಂದೆ. ಹಾಗಾದರೆ ಪಲ್ಯದ ಜೊತೆ ತುಪ್ಪವೂ ಎಂದು ಹಾಕಿದರು.

ಮರಳುವಾಗ, ನಾಗಮಂಗಲದ ಕಡೆ ರಸ್ತೆ ಕವಲೊಡೆಯುವಲ್ಲಿ ಗಾಡಿ ನಿಲ್ಲಿಸಿದೆ. ಆ ರಸ್ತೆ ದುರಸ್ತಿಯಲ್ಲಿರುವುದರಿಂದ ನಕ್ಷೆಯಿಂದ ಬಿಡಲಾಗಿದೆ ಎಂದು ಅಡಿಟಿಪ್ಪಣಿ ಹಾಕಬಹುದು.

ಆದರೆ ರಸ್ತೆ ದುರಸ್ತಿಯಲ್ಲಿಲ್ಲ. ಚೆನ್ನಾಗಿಯೇ ಇದೆ.

೨೮ ಜನವರಿ, ಭಾನುವಾರ

ನಾಗಮಂಗಲಕ್ಕೆ ಹೋಗಿಬಂದೆ. ಯಾರಿಗೂ ಹೇಳಿರಲಿಲ್ಲ. ಲಕೋಟೆಯನ್ನು ಚೀಲದಲ್ಲಿ ಇಟ್ಟುಕೊಂಡಿದ್ದೆ.

ಸೌಮ್ಯಕೇಶವನ ಗುಡಿಯನ್ನು ನೋಡಿದೆ, ಹಿತ್ತಾಳೆ ದೀಪ ಎರಕ ಹೊಯ್ಯುವವರ ಬೀದಿಯನ್ನು ನೋಡಿದೆ, ಕಾಫಿ ಕುಡಿದೆ, ಮತ್ತೊಮ್ಮೆ ಗುಡಿಯನ್ನು ನೋಡಿದೆ. ಅನಂತರ ನೋಡುವುದೇನೂ ಉಳಿಯದ್ದರಿಂದ ಹಳ್ಳಿಯ ಕಡೆ ಹೊರಟೆ.

ಚಿಕ್ಕಸ್ವಾಮಿ ಮನೆಯ ಪಕ್ಕದ ಕಣದಲ್ಲಿ ರಾಗಿ ತೂರುತ್ತಿದ್ದ. ನನ್ನನ್ನು ಕಂಡೂ ಮೊರ ಇಳಿಸಲಿಲ್ಲ.

"ಏನ್ ಬಾವ, ಕೋರ್ಟಿನ ಅಮೀನನ್ನ ಜೊತೇಲಿ ಕರ್ಕಂಡ್ ಬಂದಿಲ್ವಾ?"

"ಇಲ್ಲ. ಸ್ಕೂಟರಿನಲ್ಲಿ ಒಬ್ಬನೇ ಬಂದೆ."

"ಎಷ್ಟು ಗುಂಟೆ ಬೇಕು, ಏಳ್ಬುಡಿ. ಬಾವಿ ಇರೋ ಕಡೆನಾ, ಹುಣಸೆ ಮರ ಇರೋ ಕಡೆನಾ?"

ಲಕೋಟೆಯನ್ನು ತೆಗೆದು ನೀಡಿದೆ. ಇದು ಲಗ್ನಪತ್ರಿಕೆ, ಬೇರೇನೂ ಅಲ್ಲ, ತೆರೆದು ನೋಡು ಎಂದೆ.

"ನೀವೇ ತೆಗೀರಿ. ಸೈನ್ ಮಾಡಿ ತಗಳೋ ಕಾಗ್ದ ಮುಟ್ಟಿ ನಂಗೆ ಅಭ್ಯಾಸ ಇಲ್ಲ."

ಹರಿದೆ. ಅರಿಶಿನ ಸೋರಿ ವಿಳಾಸ ಅಳಿಸದಿರಲೆಂದು ಒಂದರೊಳಗೊಂದು ಎರಡು ಲಕೋಟೆ ಹಾಕಿ ಅಂಟಿಸಿದ್ದೆ. ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ ಪತ್ರಿಕೆ ಹೊರಬಂತು. ಅವನ ಕೈಯ ಮೊರ ನಿಂತಿತು.

"ಒಳಗೆ ಅರಿಶಿಣ ಅಚ್ಬುಟ್ಟು ಮೇಲೆ ಕೋರ್ಟಿನ ಥರ ಅಂಟ್ಸಿದ್ದೀರಲ್ಲ ಬಾವ! ಇಂಥಾ ಬುದ್ಧಿ ಇಂಜಿನಿಯರಿಗಲ್ದೆ ಇನ್ಯಾರಿಗ್ ಬತ್ತದೆ?"

ನಗುವವನಂತೆ ಕಂಡ. ಆದರೆ ನಗಲಿಲ್ಲ. "ಆದ್ರೂ ಕರಿಯೋದು ಇಂಗಲ್ಲ. ನೋಟೀಸ್ ಆಗಿದ್ರೇ ವಾಸಿ ಇತ್ತು, ಜಗಳಾನಾದ್ರೂ ಆಡ್ಬೋದಿತ್ತು. ನಮ್ಮಕ್ಕ ತೀರೋದ್ಮೇಲೆ ನಾವು ಅಂಚೆ ವಿಳಾಸ ಆಗ್ಬುಟ್ವಾ ನಿಮ್ಗೆ?"

ರಾಗಿಯ ಧೂಳಿಗೆ ನನಗೆ ಕೆಮ್ಮು ಬಂತು. ಅಷ್ಟರಲ್ಲಿ ಬಾಗಿಲಿನಿಂದ ಅತ್ತೆ ದ್ಯಾವಮ್ಮನವರ ದನಿ ಬಂತು. ಕಣ್ಣು ಮಂಜಾಗಿದೆ, ದನಿ ಮಂಜಾಗಿಲ್ಲ.

"ಯಾರ್ಲಾ ಅದು? ಅಳಿಮಯ್ಯನ ಕೆಮ್ಮು ಇದ್ದಂಗದೆ. ಬಿಸ್ಲಲ್ಲಿ ನಿಲ್ಲುಸ್ಕಂಡು ಅದೇನ್ಲಾ ನಿಂದು ನ್ಯಾಯ? ಒಳೀಕ್ ಬನ್ನಿ ಅಳಿಮಯ್ಯ, ಮುದ್ದೆ ಆರೋಯ್ತದೆ."

ಹುರುಳಿಕಟ್ಟಿನ ಸಾರು. ನಮ್ಮ ಮನೆಯಲ್ಲಿ ಮೊದಲು ಆಗುತ್ತಿದ್ದ ಸಾರು ಯಾರಿಂದ ಕಲಿತದ್ದೆಂದು ನಾನು ಎಂದೂ ಯೋಚಿಸಿರಲಿಲ್ಲ. ಅದೇ ಸಾರು. ಇದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ದ್ಯಾವಮ್ಮನವರು ಕೇಳದೆಯೇ ಎರಡನೆಯ ಮುದ್ದೆ ಇಟ್ಟರು, ತಿಂದೆ. ಚಿಕ್ಕಸ್ವಾಮಿ ಜೊತೆಗೆ ಕೂರಲಿಲ್ಲ. ಕಂಬಕ್ಕೊರಗಿ ನಿಂತು ನೋಡುತ್ತಿದ್ದ.

ಕೈ ತೊಳೆದ ಮೇಲೆ, ಬೀಗರ ಕಡೆಯವರು ಬರುವ ವಿಷಯ ಹೇಳಿದೆ. ಅವರಿಗಾಗಿ ಊಟದ ಸ್ಥಳಗಳನ್ನು ಪರಿಶೀಲಿಸುತ್ತಿದ್ದೇನೆ, ನಾಗಮಂಗಲ ತಾಲ್ಲೂಕಿನಲ್ಲಿ ಶಿಫಾರಸು ಮಾಡಬಹುದಾದದ್ದು ಒಂದೇ ಒಂದು ಸಿಕ್ಕಿದೆ ಎಂದೆ.

"ಯಾವ್ದದು?"

"ಇದು."

ಅವನು ತಾಯಿಯ ಕಡೆ ನೋಡಿದ. "ಒಂದ್ ಬಸ್ಸು ಜನಾನಾ?"

"ಒಂದು ಬಸ್ಸು."

ಬಹಳ ಹೊತ್ತು ಗಡ್ಡ ಕೆರೆದುಕೊಂಡ. "ಬರ್ಲಿ. ಉಣ್ಣಾಕ್ ಬರೋರ್ನ ಬ್ಯಾಡ ಅನ್ನೋ ಮನೆ ಅಲ್ಲ ಇದು. ಮದ್ವೆ ಮಾತು ಬ್ಯಾರೆ. ಅದ್ಕೂ ಇದ್ಕೂ ಗಂಟು ಆಕ್ಬ್ಯಾಡಿ."

ಗಂಟು ಹಾಕುವುದಿಲ್ಲ ಎಂದೆ. ಪತ್ರಿಕೆಯನ್ನು ಜಗುಲಿಯ ಮೇಲಿಟ್ಟು ಬಂದೆ. ಮದುವೆಗೆ ಬಾ ಎಂಬ ಮಾತನ್ನು ಮಾತ್ರ ಆಡಲಾಗಲಿಲ್ಲ. ಅದನ್ನು ಹೇಗೆ ಆರಂಭಿಸಬೇಕೆಂದು ತಿಳಿಯಲಿಲ್ಲ.

ದೊಡ್ಡ ಹಾಳೆ ತೆಗೆದುಕೊಂಡು ನಕ್ಷೆಯನ್ನು ಮೊದಲಿಂದ ಬರೆಯಬೇಕು.

೪ ಫೆಬ್ರವರಿ, ಭಾನುವಾರ

ಬೀಗರು ಬಂದಿಳಿದರು. ಎಲ್ಲರಿಗೂ ನಕ್ಷೆ ಹಂಚಲಾಯಿತು. ಅದರಲ್ಲಿ ಈಗ ನಾಲ್ಕು ತಾಲ್ಲೂಕುಗಳಿವೆ. ಬಂಗಾಳಿ ದಂಪತಿಗಳು ಮೊದಲು ಕೇಳಿದ್ದು ಮೀನು ಎಲ್ಲಿ ಸಿಗುತ್ತದೆಂದು, ಕೆ.ಆರ್.ಎಸ್.ನ ಹೋಟೆಲುಗಳನ್ನು ತೋರಿಸಿದೆ. ಸಂಜೆ ಬೃಂದಾವನದ ದೀಪ ನೋಡಿ ಬಂದು, ಕಾರಂಜಿಗಿಂತ ಮೀನೇ ಚೆನ್ನಾಗಿತ್ತೆಂದರು. ಶಿವಶಂಕರನ ತಲೆ ಪೂರ್ತಿ ನರೆತಿದೆ. ನನ್ನನ್ನು ಅಪ್ಪಿಕೊಂಡ. ಹೇಮಶ್ರೀ ಎಲ್ಲರೊಡನೆ ನಗುತ್ತಲೇ ಇದ್ದಾಳೆ. ಮಾವನ ವಿಷಯ ನನ್ನನ್ನು ಕೇಳಿಲ್ಲ, ನಾನೂ ಹೇಳಿಲ್ಲ.

೬ ಫೆಬ್ರವರಿ, ಮಂಗಳವಾರ

ಬೆಳಿಗ್ಗೆ ಮೇಲುಕೋಟೆ; ಅಲ್ಲಿಂದ ನಾಗಮಂಗಲದ ಮೇಲೆ ಹಳ್ಳಿಗೆ.

ಬಸ್ಸು ಊರೊಳಗೆ ತಿರುಗಿದಾಗ ನಾನು ಗುರುತು ತಪ್ಪಿದೆನೇ ಎಂದುಕೊಂಡೆ. ಆ ಮನೆಯ ಮುಂದೆ ಹಸಿ ತೆಂಗಿನ ಗರಿಯ ಚಪ್ಪರ ಎದ್ದಿತ್ತು. ನೆಲ ಸಾರಿಸಿ ರಂಗೋಲಿ ಹಾಕಿತ್ತು. ಚಿಕ್ಕಸ್ವಾಮಿ ಬಿಳಿ ಪಂಚೆಯುಟ್ಟು ಕೈಕಾಲಿಗೆ ನೀರು ಕೊಡುತ್ತಿದ್ದ. ಊಟಕ್ಕೆ ಮಾತ್ರ ಎಂದವನು ಚಪ್ಪರವನ್ನೇಕೆ ಹಾಕಿಸಿದನೆಂದು ನಾನು ಕೇಳಲಿಲ್ಲ.

ಎಲೆಗಳ ಮೇಲೆ ಮುದ್ದೆ ಬಂತು. ಬಂಗಾಳಿ ಹೆಂಗಸು ನಕ್ಷೆಯ ಹಿಂಬದಿಯಲ್ಲಿದ್ದ ನನ್ನ ಸೂಚನೆಯನ್ನು ಗಟ್ಟಿಯಾಗಿ ಓದತೊಡಗಿದರು. ಉಳಿದವರು ಒಂದೊಂದು ವಾಕ್ಯಕ್ಕೆ ಒಂದೊಂದು ಕ್ರಿಯೆ ಮಾಡಿದರು. ಮುರಿಯುವವರೆಗೂ, ಅದ್ದುವವರೆಗೂ ಸರಿಯಿತ್ತು. ಆಮೇಲೆ ಎಲ್ಲರೂ ಅಗಿಯಲು ಶುರುಮಾಡಿದರು. ಆಕೆಯ ಯಜಮಾನರ ದವಡೆ ಅಂಟಿಕೊಂಡು ಮಾತೇ ನಿಂತಿತು. ಸೂಚನೆಯಲ್ಲಿ ಲೋಪವಿರಲಿಲ್ಲ, ಓದಿಕೊಂಡು ನುಂಗುವುದು ಸಾಧ್ಯವಿಲ್ಲವೆಂದು ತಿಳಿಯಿತು.

"ಅಗೀಬ್ಯಾಡಿ ಸ್ವಾಮಿ, ಅದೇನ್ ಎಲೆ ಅಡ್ಕೆನಾ? ನುಂಗ್ಬುಡಿ!" ಎಂದು ಚಿಕ್ಕಸ್ವಾಮಿ ಸಾಲಿನ ನಡುವೆ ಓಡಾಡುತ್ತ ಕೂಗಿದ. ಶಿವಶಂಕರ್ ಹಿಂದಿಗೆ ತಿರುಗಿಸಿ ಹೇಳಲು ಹೋದರೆ ಅವನ ಬಾಯಲ್ಲೂ ಮುದ್ದೆ.

"ಬೀಗ್ರೇ, ನೀವೂ ಅಗಿತಾ ಇದ್ದೀರಲ್ಲ! ಎಲ್ಲಿ ಉಟ್ಟಿದ್ದು ನೀವು?"

"ಪಾಂಡವಪುರದ ಹತ್ರ ಕಣ್ರೀ..."

"ಉಟ್ಟಿದ್ದು ಪಾಂಡವಪುರ, ನುಂಗಾಕ್ ಬರಾಕಿಲ್ಲ! ಅವ್ವಾ, ಬೀಗ್ರಿಗೆ ತುಪ್ಪ ಜಾಸ್ತಿ ಬುಡವ್ವ, ಜಾರ್ಕಂಡಾದ್ರೂ ಓಗ್ಲಿ!"

ಚಪ್ಪರವೆಲ್ಲ ನಕ್ಕಿತು. ಭಾಷೆ ತಿಳಿಯದವರೂ ನಕ್ಕರು. ಹಾಗೆ ನಗುತ್ತಿರುವಾಗಲೇ ಶಿವಶಂಕರ್, ಏನೂ ಅರಿಯದೆ, ಕಣ್ಣೊರೆಸಿಕೊಂಡು ಕೇಳಿದ: "ನಾಡಿದ್ದು ಹುಡುಗೀನ ಮಂಟಪಕ್ಕೆ ಕರ್ಕೊಂಡು ಬರೋರು ನೀವೇ ತಾನೆ?"

ಚಿಕ್ಕಸ್ವಾಮಿಯ ಕೈಯಲ್ಲಿ ಸಾರಿನ ಪಾತ್ರೆ ಇತ್ತು. ಅದನ್ನು ಕೆಳಗಿಟ್ಟ.

"ಅದು ನಮ್ ಬಾವನ್ನ ಕೇಳ್ಬೇಕು. ಕರ್ದವ್ರೋ ಇಲ್ವೋ ಅಂತ ನಂಗಿನ್ನೂ ಗೊತ್ತಾಗಿಲ್ಲ."

ಶಿವಶಂಕರ್ ನನ್ನ ಮುಖ ನೋಡಿದ. ದ್ಯಾವಮ್ಮನವರು ಬಾಗಿಲಲ್ಲಿ ನಿಂತಿದ್ದರು. ನಾನು ಎದ್ದು ಕೈ ತೊಳೆದೆ. ಅವರ ಹತ್ತಿರ ಹೋಗಿ ಕುಂಕುಮದ ಬಟ್ಟಲು ಕೇಳಿದೆ. ಅವರು ಏನೂ ಕೇಳದೆ ಒಳಗಿನಿಂದ ಬಟ್ಟಲು, ಎಲೆ ಅಡಿಕೆ, ಒಂದು ತೆಂಗಿನಕಾಯಿ ತಂದು ನನ್ನ ಕೈಗಿತ್ತರು. ಅವರ ಮನೆಯ ಕುಂಕುಮದಿಂದಲೇ ಅವರ ಮನೆಯವನನ್ನು ಕರೆಯುವುದು ಯಾವ ಪದ್ಧತಿಯೋ ತಿಳಿಯದು.

ದಾರಿಯುದ್ದಕ್ಕೂ ಒಂದು ವಾಕ್ಯವನ್ನು ಸಿದ್ಧಪಡಿಸಿಕೊಂಡಿದ್ದೆ. ಅದು ಬರಲಿಲ್ಲ. ಬಂದ ಮಾತನ್ನು ಬಂದ ಹಾಗೆಯೇ ಇಲ್ಲಿ ಬರೆಯುತ್ತೇನೆ:

"ಚಿಕ್ಕಸ್ವಾಮಿ, ಕರಿಯೋ ಕೆಲ್ಸ ಎಲ್ಲ ನಿಮ್ಮಕ್ಕಂದಾಗಿತ್ತು ಕಣಪ್ಪ. ನಂಗೆ ಬರಾಕಿಲ್ಲ. ನಾಡಿದ್ದು ನಿನ್ ಮಗೀನ ಕೈ ಹಿಡ್ದು ನೀನೇ ಕರ್ಕಂಡ್ ಬಾ. ನೀನ್ ಬರ್ದಿದ್ರೆ ಅವ್ಳು ಒಬ್ಳೇ ನಡ್ಕಂಡ್ ಬತ್ತಳಂತೆ."

ಕುಂಕುಮ ಇಟ್ಟೆ. ಬೊಟ್ಟು ನೆಟ್ಟಗೆ ಬರಲಿಲ್ಲ, ಮೂಗಿನ ಮೇಲೂ ಉದುರಿತು. ಅವನು ಒರೆಸಿಕೊಳ್ಳಲಿಲ್ಲ.

"ಒಬ್ಳೇ ಬತ್ತಳಂತಾ? ಆ ಮಾತ್ ಅಂದ್ಳಾ?"

"ಅಂದ್ಳು."

"ನೋಡವ್ವಾ! ಅವ್ರವ್ವ ಚಿಕ್ಕತಾಯಕ್ಕಂದೇ ಅಠ. ಅಂಗೇ ಎರಕ ಉಯ್ದಂಗದೆ." ಮುಖ ಅತ್ತ ತಿರುಗಿಸಿಕೊಂಡು ಹೆಗಲ ವಸ್ತ್ರದಿಂದ ಒರೆಸಿಕೊಂಡ. ಬೊಟ್ಟನ್ನಲ್ಲ. ಆಮೇಲೆ ಒಳಗೆ ಕೂಗಿ ಹೇಳಿದ: "ಅವ್ವಾ, ಆ ಸೀರೆ ಗಂಟು ತಗಂಡ್ ನೀನೂ ಒರಡು. ರಾಗಿ ಎಲ್ಲೂ ಓಗಾಕಿಲ್ಲ. ಬಸ್ಸಲ್ಲಿ ಜಾಗ ಅದಾ ಬಾವ, ಅದ್ಕೂ ರಿಜಿಸ್ಟ್ರಿ ಮಾಡುಸ್ಬೇಕಾ?"

ಸೀರೆಯ ಗಂಟು ಮೊದಲೇ ಕಟ್ಟಿತ್ತು. ಬಸ್ಸಿನಲ್ಲಿ ಬಂಗಾಳಿ ದಂಪತಿಗಳು ಎದ್ದು ದ್ಯಾವಮ್ಮನವರಿಗೆ ಕಿಟಕಿಯ ಪಕ್ಕದ ಜಾಗ ಕೊಟ್ಟರು. ಶ್ರೀರಂಗಪಟ್ಟಣದವರೆಗೂ ಅವರು ಬಂಗಾಳಿಯಲ್ಲಿಯೂ ಇವರು ಕನ್ನಡದಲ್ಲಿಯೂ ಮಾತಾಡುತ್ತಲೇ ಬಂದರು.

೯ ಫೆಬ್ರವರಿ, ಶುಕ್ರವಾರ

ಇಂದು ಬೀಗರ ಊಟ. ಅಡುಗೆಯವರು ಒಲೆ ಹೊತ್ತಿಸುತ್ತಿದ್ದಾರೆ. ಚಿಕ್ಕಸ್ವಾಮಿ ಬೆಳಿಗ್ಗೆಯೇ ಎದ್ದು ಅವರೊಡನೆ ಮಸಾಲೆಯ ಬಗ್ಗೆ ವಾದ ಮಾಡುತ್ತಿರುವುದು ಕೇಳಿಸುತ್ತಿದೆ. ಬಂಗಾಳಿಗಳೂ ಅವನ ಪಕ್ಷದಲ್ಲಿದ್ದಾರೆ. ಎಲ್ಲರೂ ಏಳುವ ಮೊದಲು ನಿನ್ನೆಯದನ್ನು ಬರೆದು ಮುಗಿಸಬೇಕು.

ಹೇಮಶ್ರೀ ಒಬ್ಬಳೇ ನಡೆದು ಬರಲಿಲ್ಲ. ಮಾವನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ, ಮಂಟಪದಲ್ಲಿ ಕುಳ್ಳಿರಿಸಿದ ಮೇಲೆ ಅವನೇ ಬಿಡಿಸಿಕೊಳ್ಳಬೇಕಾಯಿತು. "ಬುಡವ್ವ, ಆ ಕೈನ ಈಗ ಅವ್ರಿಗ್ ಕೊಡ್ಬೇಕು," ಎಂದ.

ಕನ್ಯಾದಾನಕ್ಕೆ ದಂಪತಿಗಳು ಬೇಕಾದ್ದರಿಂದ ಮೂಗಮ್ಮಕ್ಕ ಮತ್ತು ಅವರ ಯಜಮಾನರು ಮುಂದೆ ನಿಂತರು. ನಾನು ಕಂಬದ ಪಕ್ಕದಲ್ಲಿದ್ದೆ. ಚಿಕ್ಕತಾಯಿ ಇದ್ದಿದ್ದರೆ ಎಡಕ್ಕೆ ನಿಲ್ಲುತ್ತಿದ್ದಳು. ಎಡಗಡೆ ಸ್ವಲ್ಪ ಜಾಗ ಬಿಟ್ಟುಕೊಂಡೇ ನಿಂತಿದ್ದೆನೆಂದು ಆಮೇಲೆ ಗೊತ್ತಾಯಿತು. ಅವರ ಧಾರೆಯಾದ ಮೇಲೆ ನೆಂಟರೆಲ್ಲ ಒಬ್ಬೊಬ್ಬರಾಗಿ ಹೆಣ್ಣು ಗಂಡಿನ ಕೂಡಿಸಿದ ಕೈಗಳ ಮೇಲೆ ಹಾಲು ಎರೆಯಲು ಸಾಲುಗಟ್ಟಿದರು.

"ಬಾವ, ಆ ಕಂಬ ನೀವ್ ಬುಟ್ರೂ ಬೀಳಾಕಿಲ್ಲ. ಬನ್ನಿ ಇತ್ತಗೆ!" ಎಂದು ಚಿಕ್ಕಸ್ವಾಮಿ ಎಲ್ಲರೆದುರು ಕೂಗಿದ. ಸಾಲನ್ನು ಸರಿಸಿ ನನ್ನನ್ನು ಎಳೆದುತಂದು ಚೆಂಬನ್ನು ಕೈಗಿತ್ತ.

ಮೂವತ್ತು ವರ್ಷದಿಂದ ನೀರನ್ನು ಅಳೆದು ಬಿಡುವುದೇ ನನ್ನ ಉದ್ಯೋಗ. ಚೆಂಬಿನಲ್ಲಿ ಎಷ್ಟು ಹಾಲಿತ್ತೋ, ಎಷ್ಟು ಹೊತ್ತು ಎರೆದೆನೋ ತಿಳಿಯದು. ಹೇಮಶ್ರೀಯ ಬೆರಳ ಸಂದಿನಿಂದ ಅದು ಇಳಿದು ತಟ್ಟೆ ತುಂಬಿತು, ತಟ್ಟೆಯಿಂದ ಹರಿದು ಹಸೆಯ ಅಂಚನ್ನು ಮುಟ್ಟಿತು. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ನೋಡಲಾಗಲಿಲ್ಲ. ನನ್ನ ಕನ್ನಡಕ ಮಂಜಾಗಿತ್ತು.

ಕಿವಿಯ ಬಳಿ ಚಿಕ್ಕಸ್ವಾಮಿಯ ದನಿ ಕೇಳಿತು.

"ಸಾಕು ಬುಡಿ ಬಾವ. ಬಾಕಿಯೋರ್ಗೂ ವಸಿ ಉಳ್ಸಿ."